ಹಾಡು ಕೇಳಿ, ವಿಡಿಯೊ ನೋಡಿ, ಅಭಿಪ್ರಾಯ ಬರೆಯುವುದು ಹೇಗೆ

ಹೊಸ ಹಾಡು ಬಿಡುಗಡೆಯಾಗಿ ಹತ್ತು ನಿಮಿಷ ಆಗಿರುವುದಿಲ್ಲ, ‘ಬೆಂಕಿ’, ‘ಚಿಂದಿ’, ‘ಬರೀ ಗಲಾಟೆ’ ಎಂಬ ತೀರ್ಪುಗಳು ಸಾಲುಗಟ್ಟಿರುತ್ತವೆ. ಅಭಿಮಾನವೇನೂ ತಪ್ಪಲ್ಲ. ಆದರೆ ‘ಬೆಂಕಿ’ ಅಂದವರ ಮಾತನ್ನು ಒಪ್ಪಲೂ ಆಗದು, ಅಲ್ಲಗಳೆಯಲೂ ಆಗದು. ಅದೇ ‘1:12ಕ್ಕೆ ಡ್ರಮ್ಸ್ ನಿಂತು ದನಿಯೊಂದೇ ಉಳಿಯುತ್ತದೆ, ಆಮೇಲೆ ಬರುವ ಪಲ್ಲವಿ ಮೊದಲಿನಷ್ಟೇ ಇದೆ, ಏರಲೇ ಇಲ್ಲ’ ಎಂದು ಬರೆದರೆ, ಓದಿದವರು ಆ ಜಾಗಕ್ಕೆ ಹೋಗಿ ಕೇಳಿ ಹೌದು ಅನ್ನಬಹುದು, ಬೇಕಾದರೆ ಜಗಳಕ್ಕೂ ಬರಬಹುದು. ಅಂಥ ಅಭಿಪ್ರಾಯಕ್ಕೆ ಬೇಕಾದ ಕ್ರಮ ಇದು. ಒಂದು ಹಾಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಮೊದಲು ಕಿವಿ

ವಿಡಿಯೊ ಇರುವ ಹಾಡನ್ನೂ ಮೊದಲ ಸಲ ವಿಡಿಯೊ ಇಲ್ಲದೆ ಕೇಳಿ. ನಟರ ಮುಖ, ಕುಣಿತ, ಸೆಟ್ಟು ಒಮ್ಮೆ ತಲೆಗೆ ಹೊಕ್ಕರೆ ಸಪ್ಪೆ ಇಂಟರ್‌ಲ್ಯೂಡ್ (ಹಾಡಿನ ನಡುವಿನ ಬರೀ ವಾದ್ಯದ ಭಾಗ) ಕೂಡ ಭರ್ಜರಿ ಅನ್ನಿಸತೊಡಗುತ್ತದೆ. ಇಷ್ಟವಾದದ್ದು ಅಲ್ಲಿದ್ದ ಸ್ಟೆಪ್ಪು, ಹೊಗಳುವುದು ಸಂಗೀತವನ್ನು. ಫೋನನ್ನು ಬೋರಲು ಹಾಕಿ ಕೇಳಿದರೂ ನಡೆಯುತ್ತದೆ, ಆದರೆ ಆಡಿಯೊ ಆವೃತ್ತಿ ಬೇರೆಯಾಗಿ ಸಿಕ್ಕರೆ ಅದನ್ನೇ ಹಿಡಿಯಿರಿ. ವಿಡಿಯೊ ಆವೃತ್ತಿಯಲ್ಲಿ ಶುರುವಿಗೆ ಮಾತುಕತೆ, ನಡುವೆ ಬಾಗಿಲ ಸದ್ದು, ಬೈಕಿನ ಸದ್ದು ಸೇರಿರಬಹುದು. ಎಷ್ಟೋ ಸಲ ಒಂದು ಚರಣವನ್ನೇ ಕತ್ತರಿಸಿ ಹಾಕಿರುತ್ತಾರೆ.

ತಂತಿ ಇರುವ ಸಾಧಾರಣ ಇಯರ್‌ಫೋನ್ ಸಾಕು. ಈಕ್ವಲೈಸರ್, ಬಾಸ್ ಬೂಸ್ಟ್, ಸರೌಂಡ್ ಎಲ್ಲ ಆಫ್ ಮಾಡಿ. ಇಲ್ಲದಿದ್ದರೆ ನೀವು ವಿಮರ್ಶಿಸುವುದು ನಿಮ್ಮ ಫೋನಿನ ಸೆಟ್ಟಿಂಗನ್ನೇ. ಇಯರ್‌ಫೋನಲ್ಲಿ ಕೇಳಿಯಾದ ಮೇಲೆ ಫೋನ್ ಸ್ಪೀಕರಿನಲ್ಲಿ ಒಂದು ಸಲ ಕೇಳಿ. ಬಹುಪಾಲು ಫೋನ್ ಸ್ಪೀಕರುಗಳು ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ, ಅಂದರೆ ತೀರಾ ತಗ್ಗಿನ, ಸದ್ದನ್ನು ಸರಿಯಾಗಿ ಹೊರಡಿಸಲಾರವು. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಮೂಲ ಸದ್ದು ಇರುವುದೇ 50–60 ಹರ್ಟ್ಸ್ ಆಸುಪಾಸಿನಲ್ಲಿ. ಹಾಗಾಗಿ ಫೋನಲ್ಲಿ ಕೇಳಿ ‘ಬಾಸೇ ಇಲ್ಲ’ ಎಂದು ಬರೆಯಬೇಡಿ. ತಿಳಿದವರು ಮಿಕ್ಸ್ ಮಾಡಿದ ಹಾಡಿನಲ್ಲಿ ಬಾಸ್‌ಗೆ ಚೂರು ಡಿಸ್ಟಾರ್ಷನ್ ಕೊಟ್ಟು ಮೇಲಿನ ಹಾರ್ಮೋನಿಕ್‌ಗಳನ್ನು (ಮೂಲ ಸದ್ದಿನ ಜೊತೆ ಏಳುವ ಎತ್ತರದ ಸದ್ದುಗಳನ್ನು) ಎಬ್ಬಿಸಿರುತ್ತಾರೆ, ಆಗ ಪುಟ್ಟ ಸ್ಪೀಕರಿನಲ್ಲೂ ಬಾಸಿನ ನಡೆ ಗೊತ್ತಾಗುತ್ತದೆ. ಕೊನೆಗೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೊನೊ ಆಡಿಯೊ’ ಹಾಕಿ ನೋಡಿ, ಎಡ ಬಲದ ಸದ್ದು ಒಂದಾಗಿ ಕೂಡಿ ಬರುತ್ತದೆ. ಎಡ ಬಲಕ್ಕೆ ಹರಡಿದ್ದ ಸಿಂತ್ (ಎಲೆಕ್ಟ್ರಾನಿಕ್ ವಾದ್ಯ) ಅಥವಾ ಕೋರಸ್ ದನಿ ಅಲ್ಲಿ ಕುಸಿದುಬಿದ್ದರೆ, ಎರಡು ಕಡೆಯ ಅಲೆಗಳು ಒಂದನ್ನೊಂದು ಅಳಿಸುತ್ತಿವೆ ಎಂದರ್ಥ. ಮಿಕ್ಸಿಂಗಿನ ತಪ್ಪು ಅಂತ ಧೈರ್ಯವಾಗಿ ಬರೆಯಬಹುದಾದ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ಜೋರು ಅಂದರೆ ಚೆನ್ನ ಅಲ್ಲ

ಎರಡು ಹಾಡುಗಳನ್ನೋ, ಒಂದೇ ಹಾಡಿನ ಎರಡು ಆವೃತ್ತಿಗಳನ್ನೋ ಹೋಲಿಸುವವರು ಹೆಚ್ಚಾಗಿ ಎಡವುವುದು ಇಲ್ಲಿ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ತಗ್ಗಿನ ಸದ್ದುಗಳು ಮಂಕಾಗಿ ಕೇಳುತ್ತವೆ, ಸದ್ದು ಏರಿದಂತೆ ತುಂಬಿಕೊಳ್ಳುತ್ತವೆ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಒಂದೆರಡು ಡೆಸಿಬಲ್ ಜೋರಾಗಿರುವ ಹಾಡು ಬರೀ ಜೋರಾಗಿ ಕೇಳುವುದಿಲ್ಲ, ‘ಕ್ವಾಲಿಟಿ ಚೆನ್ನಾಗಿದೆ’ ಅನ್ನಿಸುತ್ತದೆ. ಮರುಮಾಸ್ಟರಿಂಗ್ ಮಾಡಿದ (ಸದ್ದಿನ ಕೊನೆಯ ಹದವನ್ನು ಹೊಸದಾಗಿ ಮಾಡಿದ) ಹಳೆಯ ಹಾಡುಗಳಿಗೆ ಬೀಳುವ ಹೊಗಳಿಕೆಯಲ್ಲಿ ಒಂದಷ್ಟು ಪಾಲು ಬರೀ ಈ ಡೆಸಿಬಲ್‌ಗಳದ್ದು.

ಪರಿಹಾರ ಸುಲಭ. ಸ್ಪಾಟಿಫೈಯಲ್ಲಿ ಕೇಳುವುದಾದರೆ ಸೆಟ್ಟಿಂಗಿನಲ್ಲಿ ನಾರ್ಮಲೈಸೇಷನ್ (ಹಾಡುಗಳ ಜೋರನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯ) ಆನ್ ಇರಲಿ; ಅದರ ‘ನಾರ್ಮಲ್’ ಮಟ್ಟ ಹಾಡುಗಳನ್ನು −14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಆಸುಪಾಸಿಗೆ ತರುತ್ತದೆ. ಯೂಟ್ಯೂಬಿನಲ್ಲಾದರೆ ಕಂಪ್ಯೂಟರಿನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಅಲ್ಲಿ ವಾಲ್ಯೂಮ್ ಸಾಲಿನಲ್ಲಿ 100% / 55%, ಪಕ್ಕದಲ್ಲಿ 5.2 ಡಿಬಿ ಎಂದು ಕಂಡರೆ, ಹಾಡು ಯೂಟ್ಯೂಬಿನ ಅಳತೆಗಿಂತ ಅಷ್ಟು ಜೋರಾಗಿತ್ತು, ಅಷ್ಟನ್ನೂ ಇಳಿಸಿ ಕೇಳಿಸುತ್ತಿದ್ದಾರೆ ಎಂದು ತಿಳಿಯಿರಿ. ಸಂಖ್ಯೆ ಮೈನಸ್‌ನಲ್ಲಿದ್ದರೆ ಹಾಡು ಮೆತ್ತಗಿದೆ. ಯೂಟ್ಯೂಬ್ ಅದನ್ನು ಏರಿಸುವುದಿಲ್ಲ, ಇದ್ದಂತೆ ಬಿಡುತ್ತದೆ. −4 ಇರುವ ಹಾಡನ್ನು +5 ಇರುವುದರ ಜೊತೆ ಹೋಲಿಸುವಾಗ ಎರಡನೆಯದರ ವಾಲ್ಯೂಮನ್ನು ಕೈಯಾರೆ ತಗ್ಗಿಸಿ, ಗಾಯಕರ ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬಂದ ಮೇಲಷ್ಟೇ ತೀರ್ಪು ಕೊಡಿ.

ವಿಪರೀತ ಒತ್ತಿದ ಮಾಸ್ಟರಿಂಗ್ ಹೇಗೆ ಕೇಳುತ್ತದೆ? ಚರಣದಲ್ಲಿ ಡ್ರಮ್ಮಿನ ‘ಟಕ್’ ಚೂಪಾಗಿರುತ್ತದೆ, ಪಲ್ಲವಿ ಬಂದು ಎಲ್ಲ ವಾದ್ಯ ಕೂಡಿದಾಗ ಅದೇ ‘ಟಕ್’ ‘ಪಫ್’ ಆಗುತ್ತದೆ. ಸದ್ದು ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಆ ಏಟಿನ ತುದಿಯನ್ನೇ ಕತ್ತರಿಸಿದೆ. ಒಂದು ಎಚ್ಚರಿಕೆ: ಡಾನ್ಸ್ ಹಾಡುಗಳಲ್ಲಿ ಪ್ರತಿ ಕಿಕ್ಕಿಗೂ ಉಳಿದ ವಾದ್ಯಗಳು ತಗ್ಗಿ ಏಳುವುದನ್ನು ಬೇಕೆಂದೇ ಮಾಡುತ್ತಾರೆ. ಆ ಏರಿಳಿತ ತಾಳಕ್ಕೆ ಸರಿಯಾಗಿ ಬಂದರೆ ಅದು ಶೈಲಿ, ತಾಳ ತಪ್ಪಿ ಎಲ್ಲೆಂದರಲ್ಲಿ ಬಂದರೆ ದೋಷ.

ಕಟ್ಟಡವನ್ನು ಅಳೆಯುವುದು

ಮೊದಲ ಕೇಳ್ಮೆಯಲ್ಲಿ ಏನೂ ಬರೆಯಬೇಡಿ. ಎರಡನೆಯದರಲ್ಲಿ ಕಾಗದದ ಎಡಕ್ಕೆ ಸಮಯ, ಬಲಕ್ಕೆ ಏನಾಯಿತು ಎಂಬುದನ್ನು ಮೂರು ನಾಲ್ಕು ಪದಗಳಲ್ಲಿ ಗುರುತು ಹಾಕಿಕೊಳ್ಳಿ. ಅದಕ್ಕೂ ಮೊದಲು ವೇಗ ತಿಳಿದಿರಲಿ: 15 ಸೆಕೆಂಡಿನಲ್ಲಿ ಎಷ್ಟು ಏಟು ಬಿತ್ತು ಎಣಿಸಿ ನಾಲ್ಕರಿಂದ ಗುಣಿಸಿ. 70 ಬಂದರೆ 140 ಆಗಿರಬಹುದೇ ಎಂದು ಇನ್ನೊಮ್ಮೆ ನೋಡಿ. ರ್‍ಯಾಪ್ ಮತ್ತು ಟ್ರ್ಯಾಪ್ ಶೈಲಿಯಲ್ಲಿ ಸ್ನೇರ್ (‘ಟಕ್’ ಎನ್ನುವ ಡ್ರಮ್) ನಿಧಾನಕ್ಕೆ, ಹೈ-ಹ್ಯಾಟ್ (ಜೋಡಿ ಲೋಹದ ತಟ್ಟೆ) ವೇಗಕ್ಕೆ ನಡೆಯುವುದರಿಂದ ಎರಡು ಲೆಕ್ಕವೂ ಸರಿ ಅನ್ನಿಸುತ್ತದೆ.

ವೇಗ ಗೊತ್ತಾದರೆ ಉಳಿದದ್ದು ಲೆಕ್ಕ. ನಿಮಿಷಕ್ಕೆ 100 ಏಟಿನ ಹಾಡಿನಲ್ಲಿ ಒಂದು ಏಟು 0.6 ಸೆಕೆಂಡು, ನಾಲ್ಕು ಏಟಿನ ಆವರ್ತ 2.4 ಸೆಕೆಂಡು, ಎಂಟು ಆವರ್ತ 19.2 ಸೆಕೆಂಡು. ನಾಲ್ಕು ಆವರ್ತದ ಪೀಠಿಕೆ, ಹದಿನಾರು ಆವರ್ತದ ಚರಣ ಇದ್ದರೆ ಪಲ್ಲವಿ ಬರುವುದು 0:48ಕ್ಕೆ. ‘ಎಳೆದಾಟ’ ಅನ್ನಿಸಿದ ಹಾಡಿನಲ್ಲಿ ಎಳೆದದ್ದು ಎಲ್ಲಿ ಎಂಬುದು ಈ ಲೆಕ್ಕದಲ್ಲೇ ಸಿಗುತ್ತದೆ. ಸ್ಪಾಟಿಫೈ ಒಂದು ಹಾಡು ಕೇಳಿದ್ದಾರೆಂದು ಎಣಿಸುವುದು 30 ಸೆಕೆಂಡು ದಾಟಿದ ಮೇಲೆ. ಪಲ್ಲವಿಯ ತುಣುಕನ್ನು ಮೊದಲ ಅರ್ಧ ನಿಮಿಷದೊಳಗೇ ತುರುಕುವ ಹಾಡುಗಳನ್ನು ಕೇಳುವಾಗ ಇದು ನೆನಪಿರಲಿ.

ಆಮೇಲೆ ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಒಂದೇ: ಎರಡನೇ ಪಲ್ಲವಿಯಲ್ಲಿ ಹೊಸದೇನು ಬಂತು? ಜೊತೆದನಿಯೋ, ಬೇರೆ ಬಾಸ್ ನಡೆಯೋ, ಒಂದು ಖಂಜೀರವೋ ಸೇರಿರಬೇಕು. ಮೊದಲನೆಯದನ್ನೇ ಎತ್ತಿ ಅಂಟಿಸಿದ್ದರೆ ಸುಮ್ಮನಿರಬೇಡಿ, ಬರೆಯಿರಿ. ಕೊನೆಯ ಪಲ್ಲವಿ ಏಕಾಏಕಿ ಹೊಳೆದಂತೆ ಕೇಳಿಸಿದರೆ ಶ್ರುತಿ ಏರಿಸಿರುವ ಸಾಧ್ಯತೆ ಹೆಚ್ಚು. ಮೊದಲ ಪಲ್ಲವಿಯ ಷಡ್ಜವನ್ನು ಗುನುಗುತ್ತಾ ಕೊನೆಯದಕ್ಕೆ ಹಾರಿ. ಒಂದೋ ಎರಡೋ ಸ್ವರಸ್ಥಾನ ಸರಿದಿದ್ದರೆ ಕೂಡಲೇ ಕಿವಿಗೆ ಚುಚ್ಚುತ್ತದೆ.

ಗಾಯನದ ಬಗ್ಗೆ ಬರೆಯುವವರು ‘ಆಟೋಟ್ಯೂನ್’ ಎಂಬ ಬೈಗುಳವನ್ನು ಅಗ್ಗ ಮಾಡಿಬಿಟ್ಟಿದ್ದಾರೆ. ತಪ್ಪಿದ ಶ್ರುತಿಯನ್ನು ಸರಿಪಡಿಸುವ, 1997ರಲ್ಲಿ ಬಂದ ಈ ಸಾಫ್ಟ್‌ವೇರ್ ಇಂದು ಚೆನ್ನಾಗಿ ಹಾಡುವವರ ದನಿಯ ಮೇಲೂ ಓಡುತ್ತದೆ. ನಿಧಾನದ ಸೆಟ್ಟಿಂಗಿನಲ್ಲಿದ್ದರೆ ಪತ್ತೆಯಾಗುವುದೇ ಕಷ್ಟ. ಸರಿಪಡಿಸುವ ವೇಗವನ್ನು ಸೊನ್ನೆಗಿಟ್ಟಾಗ ಮಾತ್ರ ದನಿ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. 1998ರಲ್ಲಿ ಶೇರ್ ಹಾಡಿದ ‘ಬಿಲೀವ್’ನಲ್ಲಿ ಅದನ್ನೇ ಅಲಂಕಾರವಾಗಿ ಬಳಸಿದರು. ಪರೀಕ್ಷಿಸಬೇಕಾದ ಜಾಗ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಲ್ಲಿ. ಗಮಕ ಇರಬೇಕಾದ ಕಡೆ ಜಾರು ತುಂಡುತುಂಡಾಗಿದ್ದರೆ, ಅದು ಬೇಕೆಂದೇ ಮಾಡಿದಂತೆಯೂ ಕಾಣದಿದ್ದರೆ, ಆಗ ದೂರಿ. ಹಾಡು ಓಡುವ ವೇಗವನ್ನು 0.5ಕ್ಕೆ ಇಳಿಸಿ ಕೇಳಿ ತೀರ್ಪು ಕೊಡಬೇಡಿ. ಸದ್ದನ್ನು ಹಿಗ್ಗಿಸುವ ಲೆಕ್ಕಾಚಾರವೇ ದನಿಗೆ ಗರಗರ ಸೇರಿಸುತ್ತದೆ. 0.75ರವರೆಗೆ ಪರವಾಗಿಲ್ಲ.

ಸಾಹಿತ್ಯದ ವಿಷಯದಲ್ಲಿ ಅರ್ಥದ ಚರ್ಚೆ ಎಲ್ಲರೂ ಮಾಡುತ್ತಾರೆ, ಹ್ರಸ್ವ ದೀರ್ಘ ಯಾರೂ ನೋಡುವುದಿಲ್ಲ. ಸಾಲನ್ನು ಮೊದಲು ಮಾತಿನಂತೆ ಹೇಳಿ, ಆಮೇಲೆ ರಾಗದಲ್ಲಿ ಹೇಳಿ. ‘ಬಿಡು’ವಿನ ಮೊದಲಕ್ಷರವನ್ನು ರಾಗ ಎಳೆದರೆ ‘ಬೀಡು’ ಆಗುತ್ತದೆ, ‘ಕಡು’ ಹೋಗಿ ‘ಕಾಡು’ ಆಗುತ್ತದೆ. ಟ್ಯೂನ್ ಮೊದಲು ಹುಟ್ಟಿ ಪದವನ್ನು ಆಮೇಲೆ ಕೂರಿಸಿದ ಹಾಡುಗಳಲ್ಲಿ ಈ ಅಪಾಯ ಹೆಚ್ಚು.

ಇನ್ನು ‘ಕದ್ದ ಟ್ಯೂನ್’ ಎಂಬ ಆರೋಪ. ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಒಂದೇ ಆಗಿದ್ದರೆ ಅದು ಕಳ್ಳತನವಲ್ಲ. ಸಿ, ಜಿ, ಎ ಮೈನರ್, ಎಫ್ ಎಂಬ ನಾಲ್ಕರ ಸರಪಳಿ ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿದೆ. ಎರಡೂ ಹಾಡಿನ ಆ ಸಾಲನ್ನು ಸ್ವರದಲ್ಲಿ ಬರೆದುಕೊಂಡು, ಸ್ವರಗಳ ಕ್ರಮ, ಅವುಗಳ ಉದ್ದ, ತಾಳದ ಯಾವ ಏಟಿನ ಮೇಲೆ ಕೂರುತ್ತವೆ ಎಂಬ ಮೂರನ್ನೂ ನೋಡಿ. ಮೂರೂ ಎರಡು ಆವರ್ತದುದ್ದಕ್ಕೆ ಕೂಡಿದರೆ ಬರೆಯಲು ವಿಷಯ ಇದೆ. ಅದಕ್ಕೂ ಮೊದಲು ಕ್ರೆಡಿಟ್ ಓದಿ, ಮೂಲದವರ ಹೆಸರು ಅಲ್ಲೇ ಇರಬಹುದು: ಹಳೆಯ ಧ್ವನಿಮುದ್ರಣದ ತುಣುಕನ್ನೇ ಎತ್ತಿ ಹಾಕಿದರೆ ಸ್ಯಾಂಪಲ್, ಟ್ಯೂನನ್ನು ಹೊಸದಾಗಿ ನುಡಿಸಿದರೆ ಇಂಟರ್‌ಪೊಲೇಷನ್, ಇಡೀ ಹಾಡನ್ನು ಮತ್ತೆ ಹಾಡಿದರೆ ಕವರ್.

ಈಗ ಕಣ್ಣು

ವಿಡಿಯೊವನ್ನು ಮೊದಲು ಮ್ಯೂಟ್ ಮಾಡಿ ಪೂರ್ತಿ ನೋಡಿ. ಹಾಡಿನ ಆಸರೆ ತಪ್ಪಿದ ಕೂಡಲೇ ಸುಮ್ಮನೆ ತುಂಬಿಸಿದ ಶಾಟುಗಳು ಬಯಲಾಗುತ್ತವೆ: ಅದೇ ಕಾರು, ಅದೇ ನಡಿಗೆ, ಅದೇ ಡ್ರೋನ್ ನೋಟ. ಒಂದು ಪಲ್ಲವಿಯ 30 ಸೆಕೆಂಡು ಆರಿಸಿಕೊಂಡು ಕಟ್ ಎಣಿಸಿ. ಮೂವತ್ತು ಕಟ್ ಇದ್ದರೆ ಸರಾಸರಿ ಶಾಟ್ ಒಂದು ಸೆಕೆಂಡು. ಕುಣಿತದ ಹಾಡಿನಲ್ಲಿ ಅಷ್ಟು ಕಟ್ ಕಂಡರೆ ಅನುಮಾನಿಸಿ. ಸ್ಟೆಪ್ಪಿನ ತಪ್ಪು ಮುಚ್ಚಲು ಎಡಿಟರ್ ಕೈಯಲ್ಲಿರುವ ಸುಲಭದ ದಾರಿ ಅದು. ತಲೆಯಿಂದ ಪಾದದವರೆಗೆ ಇಡೀ ದೇಹ ಫ್ರೇಮಿನಲ್ಲಿ ಎಂಟು ಎಣಿಕೆಯಷ್ಟು ಹೊತ್ತು ನಿಂತಿದೆಯೇ ಎಂಬುದನ್ನು ನೋಡಿಯೇ ಕೊರಿಯೋಗ್ರಫಿಯನ್ನು ಹೊಗಳಿ. ಸದ್ದು ಹಾಕಿದ ಮೇಲೆ ಕಟ್‌ಗಳು ಏಟಿನ ಮೇಲೆ ಬೀಳುತ್ತಿವೆಯೇ ಗಮನಿಸಿ. ಎಲ್ಲವೂ ಏಟಿನ ಮೇಲೇ ಬಿದ್ದರೆ ಒಂದು ನಿಮಿಷಕ್ಕೆ ಬೇಸರ ಬರುತ್ತದೆ, ಅದೂ ದೋಷವೇ.

ತುಟಿಚಲನೆ ಪರೀಕ್ಷಿಸಲು ಯೂಟ್ಯೂಬಿನಲ್ಲಿ ವಿಡಿಯೊ ನಿಲ್ಲಿಸಿ ಕೀಲಿಮಣೆಯ ಪೂರ್ಣವಿರಾಮದ ಗುಂಡಿ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮ ಒತ್ತಿದರೆ ಒಂದು ಫ್ರೇಮ್ ಹಿಂದೆ ಹೋಗುತ್ತದೆ. ಪ, ಬ, ಮ ಬರುವ ಪದ ಹುಡುಕಿ, ಅಲ್ಲಿ ತುಟಿ ಮುಚ್ಚಲೇಬೇಕು. 24 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡು. ಪ್ರಸಾರ ಕ್ಷೇತ್ರದ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಮಾನದಂಡದ ಪ್ರಕಾರ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂಚೆ ಬಂದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ; ತಡವಾಗಿ ಬಂದರೆ 125 ಮಿಲಿಸೆಕೆಂಡಿನವರೆಗೆ ಕಣ್ಣು ಕ್ಷಮಿಸುತ್ತದೆ. ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಈ ಪರೀಕ್ಷೆ ಬೇಡ. ಅದರಲ್ಲಿ ನೂರಿನ್ನೂರು ಮಿಲಿಸೆಕೆಂಡು ತಡ ಸಾಮಾನ್ಯ, ಎಲ್ಲ ಆ್ಯಪ್‌ಗಳೂ ಅದನ್ನು ಸರಿದೂಗಿಸುವುದಿಲ್ಲ. ‘ಲಿಪ್ ಸಿಂಕ್ ಹಾಳು’ ಎಂದು ಬರೆದದ್ದು ನಿಮ್ಮ ಇಯರ್‌ಬಡ್‌ನ ವಿಮರ್ಶೆ ಆಗಿಬಿಡುತ್ತದೆ.

ಮೈಯೆಲ್ಲ ನಿಧಾನಕ್ಕೆ ತೇಲುತ್ತಿದ್ದರೂ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡುವ ಶಾಟ್ ಕಂಡರೆ ಅದರ ಹಿಂದಿನ ಶ್ರಮವನ್ನು ಗುರುತಿಸಿ. ಚಿತ್ರೀಕರಣದಲ್ಲಿ ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಿ, ಕಲಾವಿದರು ಆ ವೇಗಕ್ಕೇ ತುಟಿಯಾಡಿಸುತ್ತಾರೆ. ಸೆಕೆಂಡಿಗೆ 48 ಫ್ರೇಮಿನಲ್ಲಿ ತೆಗೆದದ್ದನ್ನು 24ರಲ್ಲಿ ತೋರಿಸಿದಾಗ ತುಟಿ ಹಾಡಿನ ವೇಗಕ್ಕೆ ಬರುತ್ತದೆ, ಬಟ್ಟೆ ಮತ್ತು ಕೂದಲು ನಿಧಾನವಾಗುತ್ತವೆ. ಕೋಲ್ಡ್‌ಪ್ಲೇ ತಂಡದ 2002ರ ‘ದಿ ಸೈಂಟಿಸ್ಟ್’ ವಿಡಿಯೊ ಹಿಮ್ಮುಖವಾಗಿ ಓಡುತ್ತದೆ, ಗಾಯಕ ಕ್ರಿಸ್ ಮಾರ್ಟಿನ್ ಸಾಹಿತ್ಯವನ್ನು ಹಿಂದುಮುಂದಾಗಿ ಕಲಿತು ತುಟಿಯಾಡಿಸಿದ್ದರಿಂದ ಅದರಲ್ಲೂ ತುಟಿ ಕೂಡುತ್ತದೆ. ಇಂಥದ್ದನ್ನು ಬರೀ ‘ಎಫೆಕ್ಟ್’ ಅಂದು ದಾಟಿ ಹೋಗಬಾರದು.

ಬರೆಯುವ ಹೊತ್ತು

ಅದೇ ದಿನ ಟಿಪ್ಪಣಿ ಮಾತ್ರ ಇರಲಿ, ತೀರ್ಪು ಮರುದಿನ. ಮತ್ತೆ ಮತ್ತೆ ಎದುರಾದದ್ದು ಇಷ್ಟವಾಗುತ್ತಾ ಹೋಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯಂಟ್ಸ್ (Robert Zajonc) 1968ರಲ್ಲೇ ತೋರಿಸಿದ್ದಾರೆ. ರೀಲ್ಸ್‌ನಲ್ಲಿ ನೂರು ಸಲ ಕಿವಿಗೆ ಬಿದ್ದ 15 ಸೆಕೆಂಡು ಇಡೀ ಹಾಡಿನ ಮೇಲೆ ಬಣ್ಣ ಬಳಿದಿರುತ್ತದೆ. ಆ ತುಣುಕನ್ನು ಬಿಟ್ಟು ಉಳಿದ ಭಾಗ ನಿಂತೀತೇ ಎಂದು ಬೇರೆಯಾಗಿ ಕೇಳಿ. ವೀಕ್ಷಣೆಯ ಸಂಖ್ಯೆಯನ್ನು ಸಾಕ್ಷಿಯಾಗಿ ತರಬೇಡಿ. ಅದು ಪ್ರಚಾರದ ಲೆಕ್ಕ.

ಬರೆಯುವಾಗ ಹಾಡಿಗೆ ಒಂದು ಭಾಗ, ವಿಡಿಯೊಗೆ ಇನ್ನೊಂದು, ಎರಡೂ ಒಂದಕ್ಕೊಂದು ಏನು ಮಾಡಿದವು ಎಂಬುದಕ್ಕೆ ನಾಲ್ಕು ಸಾಲು. ಪ್ರತಿ ಹೊಗಳಿಕೆಗೂ ಪ್ರತಿ ದೂರಿಗೂ ಒಂದು ಸಮಯದ ಗುರುತು ಕೊಡಿ. ಟಿಪ್ಪಣಿಯಲ್ಲಿ ಸಮಯದ ಗುರುತು ಸಿಗದ ಮಾತನ್ನು ಹೊಡೆದುಹಾಕಿ, ಅದು ಎಷ್ಟೇ ಚಂದದ ಬೈಗುಳವಾಗಿದ್ದರೂ. ಯಾವ ಆವೃತ್ತಿಯ ಸಮಯ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ವಿಡಿಯೊದ ಶುರುವಿಗೆ 40 ಸೆಕೆಂಡು ಸಂಭಾಷಣೆ ಇದ್ದರೆ ಆಡಿಯೊದ 1:12 ಅಲ್ಲಿ 1:52 ಆಗಿರುತ್ತದೆ.