ಲಿವರ್ ಡ್ಯಾಂಪರ್ ಉಳಿಸಿಕೊಂಡೇ ಎಂಜಿಬಿಯ ಮುಂಭಾಗ ಬಿಚ್ಚಿ ಕಟ್ಟಿದೆ

"ಆ ಲಿವರ್ ಡ್ಯಾಂಪರ್ ಕಿತ್ತು ಬಿಸಾಕು ಮಾರಾಯ, ಅದು ಸೋರುವುದು ನಿಲ್ಲುವುದಿಲ್ಲ. ಟೆಲಿಸ್ಕೋಪಿಕ್ ಕಿಟ್ ಹಾಕು." ಬರ್ಮಿಂಗ್‌ಹ್ಯಾಮಿನಲ್ಲಿ ನನ್ನ 1972ರ ಎಂಜಿಬಿ ಜಿಟಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ನೋಡಿದವರೆಲ್ಲ ಇದನ್ನೇ ಹೇಳಿದರು. ಲಿವರ್ ಡ್ಯಾಂಪರ್ ಎಂದರೆ ಚಕ್ರದ ಕುಲುಕಾಟ ತಡೆಯುವ, ತೋಳಿರುವ ಹಳೆಯ ಕಾಲದ ಎಣ್ಣೆ ಡಬ್ಬಿ; ಟೆಲಿಸ್ಕೋಪಿಕ್ ಎಂದರೆ ಈಗಿನ ಕೊಳವೆಯಂಥ ಶಾಕ್ ಅಬ್ಸಾರ್ಬರ್. ಎಂಜಿಯವರ ಅಬಿಂಗ್ಡನ್ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಸರಿಮಾಡುತ್ತೇನೆ ಎಂದು ಹಟ ಹಿಡಿದೆ. ಈಗ ಹತ್ತಿರ ಹತ್ತಿರ 3,000 ಮೈಲಿ ಓಡಿಸಿದ್ದೇನೆ. ಗಂಟೆಗೆ 55 ಮೈಲಿ ಸ್ಪೀಡಿನಲ್ಲಿ ಬರುತ್ತಿದ್ದ ಸ್ಟೀರಿಂಗ್ ನಡುಕ ಹೋಗಿದೆ.

ನಲವತ್ತು ವರ್ಷ ದಾಟಿದ ಗಾಡಿಗೆ ಬ್ರಿಟನ್ನಿನಲ್ಲಿ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ತಪಾಸಣೆ ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೂ ನಾನು ಮಾಡಿಸುತ್ತೇನೆ. ಎಡಗಡೆಯ ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಗೂಟ, ಸಡಿಲವಾಗಿ ಆಡುತ್ತಿದೆ ಎಂದು ಬರೆದುಕೊಟ್ಟರು. ಗ್ಯಾರೇಜಿನವರು ಎರಡೂ ಬದಿಗೆ ಸುಮಾರು 1,600 ಪೌಂಡ್ ಕೇಳಿದರು. ಸ್ಪ್ಯಾನರ್ ನಾನೇ ಹಿಡಿದೆ.

ಸ್ಪ್ರಿಂಗ್ ಇಳಿಸುವುದು ಕಷ್ಟವಾಗಲಿಲ್ಲ. ಜೀವ ತಿಂದದ್ದು ಕಿಂಗ್‌ಪಿನ್ನಿನ ಬುಡವನ್ನು ವಿಶ್‌ಬೋನ್ ಎಂಬ ಕೆಳತೋಳಿಗೆ ಜೋಡಿಸುವ ಕೆಳಗಿನ ಫಲ್‌ಕ್ರಮ್ ಬೋಲ್ಟ್. ಹಿಂದಿನ ಮಾಲೀಕರು ಕೆಳಗಿನ ನಿಪ್ಪಲ್‌ಗೆ ಗ್ರೀಸ್ ಗನ್ ತೋರಿಸಿಯೇ ಇರಲಿಲ್ಲ. ಬೋಲ್ಟೂ ಒಳಗಿನ ಟ್ಯೂಬೂ ತುಕ್ಕು ಹಿಡಿದು ಒಂದೇ ಆಗಿದ್ದವು. ನಾಲ್ಕು ಸಂಜೆ ಎಣ್ಣೆ ಬಿಟ್ಟೆ, ಬೆಂಕಿ ಕೊಟ್ಟೆ, ಸುತ್ತಿಗೆಯಲ್ಲಿ ಬಡಿದೆ, ಕದಲಲಿಲ್ಲ. ಕಡೆಗೆ ಗರಗಸದಲ್ಲಿ ಕೊಯ್ದೆ. ಆ ಭರದಲ್ಲಿ ವಿಶ್‌ಬೋನ್ ತೋಳಿಗೂ ಗರಗಸ ತಾಗಿ ಇನ್ನೊಂದು 30 ಪೌಂಡ್ ಹೋಯಿತು. ಬಲಬದಿಗೆ ನೇರ ಗರಗಸವನ್ನೇ ಹಿಡಿದೆ, ಇಪ್ಪತ್ತು ನಿಮಿಷ.

ಕಿಂಗ್‌ಪಿನ್ ಬುಷ್‌ಗಳ ತೂತನ್ನು ರೀಮ್ ಮಾಡಲು, ಅಂದರೆ ಪಿನ್ನಿನ ಅಳತೆಗೆ ನುಣ್ಣಗೆ ಕೊರೆಯಲು, ಒಂದು ವರ್ಕ್‌ಶಾಪಿಗೆ ಕೊಟ್ಟೆ. ಮೇಲಿನದೂ ಕೆಳಗಿನದೂ ಒಂದೇ ನೇರದಲ್ಲಿರಲಿಲ್ಲ, ಪಿನ್ ಅರ್ಧ ತಿರುಗಿ ಬಿಗಿಯುತ್ತಿತ್ತು. 80 ಪೌಂಡೂ ಮೂರು ವಾರವೂ ಮಣ್ಣುಪಾಲು. ಆಮೇಲೆ ಹಳೆಯದನ್ನು ಕೊಟ್ಟು, ಪಿನ್ ಸಮೇತ ಸಿದ್ಧವಾದ, ಚಕ್ರ ಕೂರುವ ಗಿಡ್ಡ ಆಕ್ಸಲ್‌ಗಳನ್ನೇ ಎಕ್ಸ್‌ಚೇಂಜಿನಲ್ಲಿ ತಂದೆ, ಒಂದಕ್ಕೆ 130ರ ಸುಮಾರು. ಅದರಲ್ಲೂ ಒಂದು ಬಿಗಿ ಇತ್ತು; ಸಂದು ಸರಿಹೊಂದಿಸುವ ಥ್ರಸ್ಟ್ ವಾಷರ್ ಒಂದು ಸೈಜು ತೆಳ್ಳಗಿನದು ಹಾಕಿದ ಮೇಲೆ ಬೆರಳಿನಲ್ಲಿ ತಿರುಗಿತು.

ನಡುವೆ ಒಂದು ಪ್ರಯೋಗ. ಕುದುರೆ ಮೇವಿನ ಅಂಗಡಿಯಿಂದ ಕಾಕಂಬಿ ತಂದು, ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಸ್ಪ್ರಿಂಗ್ ಕೂರುವ ತಟ್ಟೆಗಳಾದ ಸ್ಪ್ರಿಂಗ್ ಪ್ಯಾನ್‌ಗಳನ್ನು ಎರಡು ವಾರ ಮುಳುಗಿಸಿಟ್ಟೆ. ತುಕ್ಕು ಕೈಯಲ್ಲೇ ಉದುರಿತು. ಗ್ಯಾರೇಜ್ ಪೂರ್ತಿ ಆಲೆಮನೆಯ ವಾಸನೆ, ನನಗಂತೂ ಊರೇ ನೆನಪಾಯಿತು. ಕಿಂಗ್‌ಪಿನ್‌ಗೆ ಗ್ರೀಸ್ ಬದಲು ಇಪಿ90 ಗೇರ್ ಎಣ್ಣೆಯನ್ನೂ ನೋಡಿದೆ. ಚೆನ್ನಾಗಿ ಒಳಗಿಳಿಯುತ್ತದೆ, ಆದರೆ ನೆಲಕ್ಕೆಲ್ಲ ತೊಟ್ಟಿಕ್ಕುತ್ತದೆ. ಮತ್ತೆ ಗ್ರೀಸಿಗೇ ಬಂದೆ, ಸಾವಿರ ಮೈಲಿಗೊಮ್ಮೆ.

ವಿಶ್‌ಬೋನ್‌ನ ಒಳಬದಿಗೆ ಎಂಜಿಬಿಯ ವಿ8 ಮಾದರಿಯ ರಬ್ಬರ್ ಬುಷ್ ಹಾಕಿದೆ. ಕಾರ್ಖಾನೆಯಿಂದ ಬಂದ ಹಾಗೆಯೇ ಎಂಬ ಹಟದಿಂದ ಇಲ್ಲಿ ಮಾತ್ರ ಸರಿದೆ. ವೈಸ್‌ನಲ್ಲಿ ಒತ್ತಿದಾಗ ಮೊದಲನೆಯದು ಹರಿದುಹೋಯಿತು. ಆಮೇಲೆ ಲೇತಿನಲ್ಲಿ ಒಂದು ಆಲಿಕೆ ಮಾಡಿಕೊಂಡೆ, ನಾಲ್ಕೂ ಅರ್ಧ ಗಂಟೆಯಲ್ಲಿ ಕೂತವು. ಅಷ್ಟು ನೀಟಾಗಿ ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆಲಿಕೆಯ ಅಳತೆ, ಹಚ್ಚಿದ ಸೋಪು ಯಾವುದು ಎನ್ನುವುದು ನನ್ನ ಹತ್ತಿರವೇ ಇರಲಿ. ನಟ್‌ಗಳನ್ನು ಪೂರ್ತಿ ಬಿಗಿ ಮಾಡಿದ್ದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ. ತೂಗಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಸಾಯುತ್ತದೆ.

ರೀಕಂಡೀಶನ್ ಮಾಡಿದ ಡ್ಯಾಂಪರ್ ಜೋಡಿಗೆ 150 ಸೇರಿ, ಹಾಳಾದದ್ದನ್ನೂ ಲೆಕ್ಕ ಹಿಡಿದು, ಒಟ್ಟು 750 ಪೌಂಡ್ ಆಗಿರಬೇಕು. ಮೊನ್ನೆ ಭಾನುವಾರ ಡ್ಯಾಂಪರ್ ಮುಚ್ಚಳ ಬಿಚ್ಚಿ ನೋಡಿದೆ. ಎರಡರಲ್ಲೂ ಎಣ್ಣೆ ತುಂಬಿದಷ್ಟೇ ಇತ್ತು.