ಹಾರ್ಮೋನ್ ಟೆಸ್ಟ್‌ಗೆ ರಕ್ತ ಕೊಡುವುದು ಹೇಗೆ? ಮೊದಲು ಗಡಿಯಾರ ನೋಡಿ

ಶುಗರ್ ಟೆಸ್ಟ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅನ್ನುವುದು ಈಗ ಎಲ್ಲರಿಗೂ ಗೊತ್ತು. ಹಾರ್ಮೋನ್ ಟೆಸ್ಟ್‌ಗೆ ಎಷ್ಟು ಗಂಟೆಗೆ ಹೋಗಬೇಕು ಅನ್ನುವುದು ಮಾತ್ರ ಚೆನ್ನಾಗಿ ಓದಿಕೊಂಡವರಿಗೂ ಗೊತ್ತಿರುವುದಿಲ್ಲ. ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಈ ತಪ್ಪು ದಿನಾ ಕಣ್ಣಿಗೆ ಬೀಳುತ್ತದೆ. ಒತ್ತಡದ ಹಾರ್ಮೋನ್ ಅನ್ನುವ ಕಾರ್ಟಿಸೋಲ್‌ನ ಚೀಟಿ ಹಿಡಿದು ಆಫೀಸು ಮುಗಿಸಿ ಸಂಜೆ ಆರಕ್ಕೆ ಬರುತ್ತಾರೆ. ರಾತ್ರಿ ಪಾಳಿ ಮುಗಿಸಿ, ಕತ್ತಿನ ಐಡಿ ಕಾರ್ಡ್ ಕೂಡ ತೆಗೆಯದೆ, ಕ್ಯಾಬ್ ಇಳಿದು ನೇರ ಬಂದು ಥೈರಾಯ್ಡ್‌ಗೆ ಕೈ ಚಾಚುತ್ತಾರೆ. ಆಮೇಲೆ ರಿಪೋರ್ಟಿನಲ್ಲಿ ದಪ್ಪ ಅಕ್ಷರದ ನಂಬರ್ ನೋಡಿ ಗಾಬರಿ ಬೀಳುತ್ತಾರೆ. ನಂಬರ್ ಸುಳ್ಳಲ್ಲ. ಆದರೆ ಗಂಟೆ ಗೊತ್ತಿಲ್ಲದಿದ್ದರೆ ಆ ನಂಬರಿಗೆ ಅರ್ಥವೇ ಇಲ್ಲ.

ಕಾರಣ ಸರಳ. ಮೆದುಳಿನ ತಳಭಾಗದಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪಿದೆ. ಅದೇ ದೇಹದ ಮುಖ್ಯ ಗಡಿಯಾರ. ಕಣ್ಣಿಗೆ ಬಿದ್ದ ಬೆಳಕಿನಿಂದ ಅದು ದಿನಾ ತನ್ನನ್ನು ಸರಿ ಮಾಡಿಕೊಳ್ಳುತ್ತದೆ. ಕತ್ತಲಾದ ಮೇಲೆ ಅದರ ಅಪ್ಪಣೆಯಂತೆ ಮೆದುಳಿನೊಳಗಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಅನ್ನುವ ಹಾರ್ಮೋನ್ ಬಿಡಲು ಶುರು ಮಾಡುತ್ತದೆ. ನಾವು ದಿನಾ ಮಲಗುವ ಹೊತ್ತಿಗಿಂತ ಸುಮಾರು ಎರಡು ಗಂಟೆ ಮೊದಲೇ ಇದು ಏರತೊಡಗುತ್ತದೆ. ನಡುರಾತ್ರಿ ಕಳೆದ ಮೇಲೆ, 2ರಿಂದ 4 ಗಂಟೆಯೊಳಗೆ, ತುದಿ ಮುಟ್ಟುತ್ತದೆ. ಬೆಳಗಾಗುತ್ತಲೇ ಇಳಿಯುತ್ತದೆ. ಮಲಗುವ ಮುಂಚೆ ಮೊಬೈಲ್ ನೋಡುತ್ತಾ ಕೂತರೆ, ಅದರಲ್ಲೂ ಬೆಳಕು ನೀಲಿ ಜಾಸ್ತಿ ಇರುವುದಾದರೆ, ಈ ಏರಿಕೆ ತಡವಾಗುತ್ತದೆ.

ಬಹಳ ಜನ ಇಲ್ಲೊಂದು ತಪ್ಪು ತಿಳಿದುಕೊಂಡಿದ್ದಾರೆ. ಮೆಲಟೋನಿನ್ ಉಳಿದ ಹಾರ್ಮೋನುಗಳ ಯಜಮಾನ ಅಲ್ಲ. ರಾತ್ರಿಯಾಯ್ತು ಅಂತ ದೇಹಕ್ಕೆಲ್ಲ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಕಾರ್ಟಿಸೋಲ್ ಏರಿಳಿತವನ್ನು ನಡೆಸುವುದೂ ಅದೇ ಗಡಿಯಾರ, ಮೆಲಟೋನಿನ್ ನಡೆಸುವುದೂ ಅದೇ ಗಡಿಯಾರ. ಕೆಲವು ಕಡೆ ಮಾತ್ರ ಮೆಲಟೋನಿನ್ ನೇರವಾಗಿ ಕೈಯಾಡಿಸುತ್ತದೆ. ಇನ್ಸುಲಿನ್ ಅದಕ್ಕೊಂದು ಉದಾಹರಣೆ. ಮೆಲಟೋನಿನ್ ಏರಿರುವ ಹೊತ್ತಿನಲ್ಲಿ ಊಟ ಮಾಡಿದರೆ ಇನ್ಸುಲಿನ್ ಸಾಕಷ್ಟು ಬರುವುದಿಲ್ಲ, ಶುಗರ್ ಹೆಚ್ಚು ಹೊತ್ತು ಮೇಲೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಊಟ ಬೇಡ ಎಂದು ಡಾಕ್ಟರು ಹೇಳುವುದು ಸುಮ್ನೆ ಅಲ್ಲ.

ಈಗ ಕೆಲಸಕ್ಕೆ ಬರೋಣ.

ಹೆಜ್ಜೆ 1: ಚೀಟಿಯಲ್ಲಿ ಯಾವ ಹಾರ್ಮೋನ್ ಬರೆದಿದ್ದಾರೆ ಓದಿ. ಅರ್ಥವಾಗದಿದ್ದರೆ ಲ್ಯಾಬಿಗೆ ಫೋನ್ ಮಾಡಿ ಕೇಳಿ.

ಹೆಜ್ಜೆ 2: ಗಂಟೆ ಗೊತ್ತು ಮಾಡಿ. ಎಡವುವುದು ಇಲ್ಲೇ. ಒಂದೊಂದಾಗಿ ನೋಡೋಣ.

ಕಾರ್ಟಿಸೋಲ್: ಬೆಳಿಗ್ಗೆ 8ರ ಆಸುಪಾಸು. ಇದು ನಸುಕಿಗೂ ಮುಂಚೆ ಏರಲು ಶುರುವಾಗುತ್ತದೆ. ಎದ್ದ ಅರ್ಧ-ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ಜಿಗಿತ. ಆಮೇಲೆ ದಿನವಿಡೀ ಇಳಿಮುಖ, ನಡುರಾತ್ರಿ ಹೊತ್ತಿಗೆ ತಳ ಸೇರುತ್ತದೆ. ಬೆಳಿಗ್ಗೆ 8ಕ್ಕೆ 14 ಇದ್ದವರಿಗೆ ಸಂಜೆ 5 ಬಂದರೆ ಅದು ಕಾಯಿಲೆಯಲ್ಲ, ಸಂಜೆ ಅಷ್ಟೆ. ಕಾರ್ಟಿಸೋಲ್ ಮಿತಿಮೀರುವ ಕುಶಿಂಗ್ ಕಾಯಿಲೆಯ ಅನುಮಾನ ಇದ್ದಾಗ ಡಾಕ್ಟರು ಬೇಕೆಂದೇ ರಾತ್ರಿ 11ರಿಂದ 12ರೊಳಗೆ ಎಂಜಲಿನ ಸ್ಯಾಂಪಲ್ ಕೇಳುತ್ತಾರೆ. ಆರೋಗ್ಯವಂತರಲ್ಲಿ ಆಗ ಕಾರ್ಟಿಸೋಲ್ ತೀರಾ ಕಡಿಮೆ. ಇಳಿಯಬೇಕಾದ ಹೊತ್ತಿನಲ್ಲಿ ಇಳಿದಿಲ್ಲ ಅನ್ನುವುದೇ ಅಲ್ಲಿ ಸುಳಿವು. ಎಂಜಲು ಹೀರಲು ಕೊಡುವ ಹತ್ತಿಯ ಸುರುಳಿಯನ್ನು ಬಾಯಿಗಿಡುವ ಮುಂಚೆ ಹಲ್ಲುಜ್ಜಬೇಡಿ, ವಸಡಿನಿಂದ ರಕ್ತ ಬಂದರೆ ಸ್ಯಾಂಪಲ್ ಕೆಟ್ಟಿತು. ಗಂಟಲಿಗೆ ಒಳ್ಳೇದು ಅಂತ ಜೇಷ್ಠಮಧು ಚಪ್ಪರಿಸುವವರು ಅದನ್ನೂ ಬಿಡಿ. ಅದು ಎಂಜಲಿನ ಕಾರ್ಟಿಸೋಲ್ ಅನ್ನು ಹೆಚ್ಚು ತೋರಿಸಬಲ್ಲದು.

ಟೆಸ್ಟೋಸ್ಟೆರೋನ್: ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ರಾತ್ರಿ ಚೆನ್ನಾಗಿ ಮಲಗಿ ಎದ್ದ ಮೇಲೆ. ಕಡಿಮೆ ಬಂದರೆ ಇನ್ನೊಂದು ದಿನ ಬೆಳಿಗ್ಗೆ ಮತ್ತೆ ಕೊಡಬೇಕು. ಒಂದೇ ಒಂದು ಸಂಜೆಯ ರಿಪೋರ್ಟ್ ನಂಬಿ ಇಂಜೆಕ್ಷನ್ ಶುರು ಮಾಡಿಸಿಕೊಳ್ಳಬೇಡಿ.

ಪ್ರೊಲ್ಯಾಕ್ಟಿನ್: ಎದೆಹಾಲು ಬರಿಸುವ ಹಾರ್ಮೋನ್. ಇದರಲ್ಲಿ ತಪ್ಪುವವರೇ ಜಾಸ್ತಿ. ಬೇಗ ಹೋದಷ್ಟೂ ಒಳ್ಳೇದು ಅಂದುಕೊಳ್ಳುತ್ತಾರೆ. ಈ ಹಾರ್ಮೋನ್ ನಿದ್ದೆಯಲ್ಲಿ ಏರುತ್ತದೆ, ಏಳುವ ಹೊತ್ತಿಗೆ ತುದಿಯಲ್ಲಿರುತ್ತದೆ. ಮನೆಗೇ ಬಂದು ಸ್ಯಾಂಪಲ್ ತೆಗೆಯುವ ಹುಡುಗ ಬೆಳಿಗ್ಗೆ ಐದೂವರೆಗೆ ಬೆಲ್ ಒತ್ತುತ್ತಾನೆ. ನೀವು ಕಣ್ಣುಜ್ಜಿಕೊಂಡು ಬಾಗಿಲು ತೆಗೆದು ಹಾಗೇ ಕೈ ಕೊಡುತ್ತೀರಿ. ಸ್ಯಾಂಪಲ್ ತುಂಬ ನಿದ್ದೆಯ ಪ್ರೊಲ್ಯಾಕ್ಟಿನ್. ಎದ್ದು ಎರಡು-ಮೂರು ಗಂಟೆ ಬಿಟ್ಟು ಕೊಡಿ. ಲ್ಯಾಬಿಗೆ ಓಡಿ ಬರಬೇಡಿ. ಬಂದ ಮೇಲೆ ಹದಿನೈದು-ಇಪ್ಪತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಸೂಜಿ ಕಂಡರೆ ಭಯ ಅನ್ನುವವರಿಗೆ ಭಯದಿಂದಲೇ ಇದು ಏರುತ್ತದೆ.

ಥೈರಾಯ್ಡ್‌ನ ಟಿಎಸ್‌ಎಚ್: ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್. ರಾತ್ರಿ ಹೆಚ್ಚು, ಮಧ್ಯಾಹ್ನ ಕಡಿಮೆ. ತಿಂಡಿ ತಿಂದ ಮೇಲೂ ಸ್ವಲ್ಪ ಇಳಿಯುತ್ತದೆ. ಬೆಳಿಗ್ಗೆ 7ಕ್ಕೆ 5.2 ಬಂದವರಿಗೆ ಅದೇ ದಿನ ಮಧ್ಯಾಹ್ನ 3.8 ಬರಬಹುದು. ಒಂದು ರಿಪೋರ್ಟಿನಲ್ಲಿ ಕಾಯಿಲೆಯ ಗುರುತು, ಇನ್ನೊಂದರಲ್ಲಿ ಇಲ್ಲ. ಹಾಗಾಗಿ ಬೆಳಿಗ್ಗೆಯೇ ಕೊಡಿ, ಪ್ರತಿ ಸಲ ಅದೇ ಹೊತ್ತಿಗೆ ಕೊಡಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ರಕ್ತ ಕೊಟ್ಟ ಮೇಲೆ ಆ ದಿನದ ಮಾತ್ರೆ ನುಂಗಿ, ಮೊದಲೇ ಬೇಡ.

ಬೆಳವಣಿಗೆಯ ಹಾರ್ಮೋನ್ ಆಳವಾದ ನಿದ್ದೆ ಹತ್ತಿದ ಮೇಲೆ ದೊಡ್ಡದಾಗಿ ಬಂದು ಹೋಗುತ್ತದೆ. ಹಗಲು ಯಾವಾಗಲೋ ಒಮ್ಮೆ ತೆಗೆದ ರಕ್ತದಲ್ಲಿ ಅದನ್ನು ಹುಡುಕುವುದು ವ್ಯರ್ಥ. ಅದರ ಬದಲು ಡಾಕ್ಟರು, ಅದರಿಂದಲೇ ಹುಟ್ಟಿ ದಿನವಿಡೀ ಹೆಚ್ಚು ಏರಿಳಿಯದ ಐಜಿಎಫ್-1 ಬರೆಯುವುದು ಅದಕ್ಕೇ. ಹೆಣ್ಣುಮಕ್ಕಳ ಅಂಡಾಶಯವನ್ನು ನಡೆಸುವ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನುಗಳಿಗೆ ಗಂಟೆಗಿಂತ ಮುಟ್ಟಿನ ದಿನ ಮುಖ್ಯ. ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ದಿನ ಹೇಳುತ್ತಾರೆ.

ರಾತ್ರಿ ಪಾಳಿಯವರಿಗೆ ಬೇರೆಯೇ ಹೇಳಬೇಕು. ‘ನಾನು ಬೆಳಿಗ್ಗೆ ಎಂಟಕ್ಕೇ ಬಂದಿದ್ದೀನಲ್ಲ ಮೇಡಂ, ಖಾಲಿ ಹೊಟ್ಟೆನೇ’ ಅನ್ನುತ್ತಾರೆ. ‘ಮಲಗಿದ್ದು ಯಾವಾಗ?’ ಅಂದರೆ ನಿನ್ನೆ ಮಧ್ಯಾಹ್ನ. ಇಲ್ಲಿ ಎರಡು ಲೆಕ್ಕ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾರ್ಟಿಸೋಲ್ ಮತ್ತು ಮೆಲಟೋನಿನ್ ಮುಖ್ಯವಾಗಿ ಮೆದುಳಿನ ಗಡಿಯಾರದ ಮಾತು ಕೇಳುತ್ತವೆ. ನೀವು ಹಗಲು ಮಲಗಿದ ಮಾತ್ರಕ್ಕೆ ಅವು ತಕ್ಷಣ ತಿರುಗುವುದಿಲ್ಲ, ದಿನಗಳೇ ಹಿಡಿಯುತ್ತವೆ. ಮನೆಗೆ ಹೋಗುವಾಗ ಬಿಸಿಲು ಕಣ್ಣಿಗೆ ಬೀಳುವುದರಿಂದ ಬಹಳ ಜನರಲ್ಲಿ ಪೂರ್ತಿ ತಿರುಗುವುದೇ ಇಲ್ಲ. ಪ್ರೊಲ್ಯಾಕ್ಟಿನ್, ಬೆಳವಣಿಗೆಯ ಹಾರ್ಮೋನ್ ನಿದ್ದೆಯ ಹಿಂದೆ ಹೋಗುತ್ತವೆ. ಟೆಸ್ಟೋಸ್ಟೆರೋನ್ ಏರಲೂ ನಿದ್ದೆ ಬೇಕು. ಟಿಎಸ್‌ಎಚ್‌ದು ಇನ್ನೊಂದು ಬಗೆ. ರಾತ್ರಿ ಅದು ಏರುವುದನ್ನು ನಿದ್ದೆ ತಡೆದು ಹಿಡಿಯುತ್ತದೆ. ಎದ್ದೇ ಇದ್ದರೆ ತಡೆ ಇಲ್ಲ, ಇನ್ನೂ ಮೇಲೆ ಹೋಗುತ್ತದೆ. ಪಾಳಿ ಮುಗಿಸಿ ಬಂದು ಕೊಟ್ಟ ರಕ್ತದಲ್ಲಿ ಟಿಎಸ್‌ಎಚ್ ಹೆಚ್ಚು ಬರಲು ಇಷ್ಟು ಸಾಕು.

ನನ್ನ ಸಲಹೆ ಇದು: ರಜೆಯಲ್ಲಿ ಮೂರ್ನಾಲ್ಕು ರಾತ್ರಿ ಸರಿಯಾಗಿ ಮಲಗಿ, ರಜೆಯ ಕೊನೆಯ ಬೆಳಿಗ್ಗೆ ಬನ್ನಿ. ಒಂದೇ ದಿನದ ವಾರದ ರಜೆ ಸಾಲದು. ಅಷ್ಟು ರಜೆ ಸಿಗದಿದ್ದರೆ ಪಾಳಿಯ ವಿಷಯ ಮೊದಲೇ ಡಾಕ್ಟರಿಗೆ ಹೇಳಿ. ರಾತ್ರಿಯ ಎಂಜಲಿನ ಟೆಸ್ಟ್ ಪಾಳಿಯವರಿಗೆ ಹೊಂದುವುದಿಲ್ಲ, ಡಾಕ್ಟರು ಬೇರೆ ಟೆಸ್ಟ್ ಬರೆಯುತ್ತಾರೆ. ಆದರೆ ತೀರಾ ಸುಸ್ತು, ವಾಂತಿ, ಬಿಪಿ ಇಳಿಯುವುದು ಇದ್ದು ಡಾಕ್ಟರು ಈಗಲೇ ಮಾಡಿಸಿ ಅಂದರೆ ಗಡಿಯಾರ ನೋಡುತ್ತಾ ಕೂರಬೇಡಿ. ನಡುರಾತ್ರಿ ಆದರೂ ಕೊಡಿ.

ಹೆಜ್ಜೆ 3: ನುಂಗುತ್ತಿರುವುದನ್ನೆಲ್ಲ ಹೇಳಿ. ಕೂದಲು ಉದುರುತ್ತದೆ ಅಂತ ತಿನ್ನುವ ಬಯೋಟಿನ್ ಗಮ್ಮಿ (ವಿಟಮಿನ್ ಹಾಕಿದ ಜೆಲ್ಲಿ ಮಿಠಾಯಿ) ಮೊದಲ ಶತ್ರು. ದಿನಕ್ಕೆ ಬೇಕಾಗಿರುವುದು ಸುಮಾರು 30 ಮೈಕ್ರೋಗ್ರಾಂ. ಡಬ್ಬಿಯ ಮೇಲೆ 5,000, 10,000 ಅಂತ ಬರೆದಿರುತ್ತದೆ. ಕೆಲವು ಯಂತ್ರಗಳಲ್ಲಿ ಇದು ಟಿಎಸ್‌ಎಚ್ ಕಡಿಮೆ, ಥೈರಾಯ್ಡ್ ಗ್ರಂಥಿ ಬಿಡುವ ಟಿ4 ಹೆಚ್ಚು ಅಂತ ತೋರಿಸುತ್ತದೆ. ಥೈರಾಯ್ಡ್ ಚೆನ್ನಾಗಿರುವವರೂ ರೋಗಿಯಂತೆ ಕಾಣುತ್ತಾರೆ. ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಗ್ಯಾಸ್‌ಗೆ ಅಂತ ನುಂಗುವ, ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿರುವ ಕ್ಯಾಪ್ಸೂಲ್ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಅದು ಔಷಧಿ ಅಂತಲೇ ಯಾರಿಗೂ ನೆನಪಾಗುವುದಿಲ್ಲ. ಮಾತ್ರೆ ಸ್ಟ್ರಿಪ್ಪಿನ ಹಿಂಭಾಗ ಓದಿ ಹೇಳಿ. ಸ್ಟೀರಾಯ್ಡ್ ಮಾತ್ರೆ, ಇನ್‌ಹೇಲರ್, ಬೆಳ್ಳಗಾಗಲು ಹಚ್ಚುವ ಸ್ಟೀರಾಯ್ಡ್ ಕ್ರೀಮು ಕಾರ್ಟಿಸೋಲ್ ಲೆಕ್ಕ ಕೆಡಿಸುತ್ತವೆ. ಆದರೆ ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ನಿಲ್ಲಿಸಲೇಬೇಡಿ, ಅದು ಜೀವಕ್ಕೇ ಅಪಾಯ. ಡಾಕ್ಟರು ಹೇಳಿದಂತೆ ಮಾಡಿ.

ಟೆಸ್ಟ್ ಹಿಂದಿನ ರಾತ್ರಿ ಬೇಗ ನಿದ್ದೆ ಬರಲಿ ಅಂತ ಮೆಲಟೋನಿನ್ ಗಮ್ಮಿ ತಿನ್ನುವುದೂ ಬೇಡ. ಅಮೆರಿಕದಲ್ಲಿ 2023ರಲ್ಲಿ ಇಂಥ 25 ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿಗೂ ಒಳಗಿನದಕ್ಕೂ ಹೊಂದಿಕೆ ಇರಲಿಲ್ಲ. ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಒಂಬತ್ತಕ್ಕೆ ದೊಡ್ಡ ದೀಪ ಆರಿಸಿ, ಮೊಬೈಲ್ ಬೇರೆ ಕೋಣೆಯಲ್ಲಿಡಿ. ನಿಮ್ಮದೇ ಮೆಲಟೋನಿನ್ ಬರುತ್ತದೆ.

ಆಫರ್‌ನಲ್ಲಿ ಸಿಗುವ ‘ಫುಲ್ ಬಾಡಿ’ ಪ್ಯಾಕೇಜಿನಲ್ಲಿ ಹಾರ್ಮೋನ್ ಟೆಸ್ಟ್ ಮಾಡಿಸಬೇಡಿ. ಒಂದೇ ಸೂಜಿಗೆ, ಒಂದೇ ಗಂಟೆಗೆ ಎಲ್ಲವನ್ನೂ ತೆಗೆಯುತ್ತಾರೆ. ಕಾರ್ಟಿಸೋಲ್‌ಗೆ ಸರಿಯಾದ ಹೊತ್ತು ಪ್ರೊಲ್ಯಾಕ್ಟಿನ್‌ಗೆ ಸರಿ ಇರುವುದಿಲ್ಲ, ಅಲ್ವಾ? ಯಾವ ಟೆಸ್ಟ್ ಬೇಕು ಅಂತ ಡಾಕ್ಟರು ಬರೆಯಲಿ.

ಹೆಜ್ಜೆ 4: ರಕ್ತ ಕೊಡಿ. ನೀರು ಕುಡಿದು ಬನ್ನಿ, ನರ ಬೇಗ ಸಿಗುತ್ತದೆ.

ಹೆಜ್ಜೆ 5: ಗಂಟೆ ಬರೆಸಿ. ಹಳದಿ ಮುಚ್ಚಳದ ಟ್ಯೂಬಿನ ಲೇಬಲ್ ಮೇಲೆ, ಫಾರಂ ಮೇಲೆ, ಸೂಜಿ ಹಾಕಿದ ಹೊತ್ತು ಇರಬೇಕು. ಫಾರಂನ ಮೂಲೆಯಲ್ಲಿ ಮಲಗಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ, ಪಾಳಿ ಯಾವುದು ಅಂತ ನೀವೇ ಬರೆಯಿರಿ. ಮುಂದಿನ ಸಲ ಅದೇ ಲ್ಯಾಬಿಗೆ, ಅದೇ ಹೊತ್ತಿಗೆ ಹೋಗಿ. ರಿಪೋರ್ಟ್ ಕೈಗೆ ಬಂದ ಕೂಡಲೇ ನಂಬರ್‌ಗಿಂತ ಮೊದಲು ಸ್ಯಾಂಪಲ್ ತೆಗೆದ ಸಮಯ ನೋಡಿ. ಕೆಲವು ಕಡೆ ಅಲ್ಲಿ ಬಿಲ್ ಮಾಡಿದ ಹೊತ್ತು ಅಚ್ಚಾಗಿರುತ್ತದೆ, ಕೆಲವು ಕಡೆ ಜಾಗ ಖಾಲಿ ಇರುತ್ತದೆ. ಹಾಗಿದ್ದರೆ ಕೌಂಟರಿಗೆ ವಾಪಸ್ ಹೋಗಿ, ಸರಿ ಮಾಡಿಸಿಕೊಂಡೇ ಡಾಕ್ಟರ ಹತ್ತಿರ ಹೋಗಿ.