ಟೆಲ್ಕೋ ಎಂಜಿನ್‌ಗಳ ಚರಿತ್ರೆ ನಾನು ಹುಡುಕಿಕೊಂಡ ರೀತಿ

ಟಾಟಾ ಮೋಟಾರ್ಸ್ ಅಂದರೆ ಲಾರಿ, ಕಾರು ನೆನಪಾಗುತ್ತವೆ, ಅಲ್ವಾ? ಆದರೆ ಆ ಕಂಪನಿ ಹುಟ್ಟಿದ್ದೇ ರೈಲು ಎಂಜಿನ್ ಮಾಡಲಿಕ್ಕೆ. 1945ರಲ್ಲಿ ಜಮ್ಷೆಡ್‌ಪುರದಲ್ಲಿ ಶುರುವಾದಾಗ ಅದರ ಹೆಸರು ಟಾಟಾ ಲೋಕೋಮೋಟಿವ್ ಅಂಡ್ ಎಂಜಿನಿಯರಿಂಗ್ ಕಂಪನಿ. 1960ರಲ್ಲಿ ಹೆಸರು ತಿರುವುಮುರುವಾಯಿತು. ಎಂಜಿನಿಯರಿಂಗ್ ಮುಂದೆ ಬಂತು, ಲೋಕೋಮೋಟಿವ್ ಹಿಂದೆ ಹೋಯಿತು. ಟೆಲ್ಕೋ ಅಂತ ನಾವು ಕರೆದದ್ದು ಇದನ್ನೇ. ಹಳೆ ಕಾಗದ ಯಾವ ಕಾಲದ್ದು ಅಂತ ಗುರುತಿಸಲು ನನಗೆ ಇದೇ ಮೊದಲ ಸುಳಿವು.

ನಾನು ಇತಿಹಾಸ ಓದಿದವನಲ್ಲ, ರೈಲಿನ ಹುಚ್ಚು ಇರುವವನು. ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ಕಾಲದಲ್ಲಿ ನಮ್ಮ ಕಡೆ ಪ್ಯಾಸೆಂಜರ್ ಗಾಡಿ ಎಳೆದ ವೈಪಿ ಅನ್ನುವ ಮಾದರಿಯ ಸ್ಟೀಮ್ ಎಂಜಿನ್ ಎಲ್ಲಿಂದ ಬಂತು ಅಂತ ತಿಳಿಯುವ ಆಸೆಯಿಂದ ಕೆಲಸ ಶುರು ಮಾಡಿದೆ. ದೇಶದಲ್ಲಿ ಓಡಿದ 871 ವೈಪಿಗಳಲ್ಲಿ 451 ಟೆಲ್ಕೋದವು. ಉಳಿದವು ಅಮೆರಿಕದ ಬಾಲ್ಡ್‌ವಿನ್, ಸ್ಕಾಟ್ಲೆಂಡಿನ ನಾರ್ತ್ ಬ್ರಿಟಿಷ್, ಜರ್ಮನಿಯ ಕ್ರಾಸ್-ಮಾಫೈ ಕಟ್ಟಿದವು.

ಸ್ಟೇಷನ್ ಮುಂದೆ, ಪಾರ್ಕಿನಲ್ಲಿ ನಿಲ್ಲಿಸಿರುವ ಎಂಜಿನ್‌ಗಳಲ್ಲಿ ಕಂಪನಿಯ ಪ್ಲೇಟ್ ಹುಡುಕಿದರೆ ಬಹಳ ಕಡೆ ಖಾಲಿ ಬೋಲ್ಟ್ ತೂತು ಮಾತ್ರ ಸಿಗುತ್ತದೆ. ಆಗ ನಾನು ಚಕ್ರದ ಕಡೆ ಬಗ್ಗುತ್ತೇನೆ. ಚಕ್ರಗಳನ್ನು ಜೋಡಿಸುವ ಸೈಡ್ ರಾಡ್ ಮೇಲೆ ಎಂಜಿನ್ ನಂಬರನ್ನು ಪಂಚ್ ಮಾಡಿರುತ್ತಾರೆ. ಅದರ ಮೇಲೆ ಪೇಂಟ್ ಪದರ ಪದರವಾಗಿ ಕೂತಿರುತ್ತದೆ. ಕೆರೆಯಬಾರದು. ತೆಳು ಕಾಗದ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಹಗುರವಾಗಿ ಉಜ್ಜಿದರೆ, ಕಣ್ಣಿಗೆ ಕಾಣದ ಅಂಕಿಯೂ ಕಾಗದದ ಮೇಲೆ ಎದ್ದು ಬರುತ್ತದೆ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆದರೂ ಆಗುತ್ತದೆ.

ಆದರೆ ಒಂದೇ ನಂಬರ್ ನಂಬಬೇಡಿ. ದೊಡ್ಡ ರಿಪೇರಿಗೆ ವರ್ಕ್‌ಶಾಪಿಗೆ ಹೋದಾಗ ಒಂದರ ರಾಡ್ ಇನ್ನೊಂದಕ್ಕೆ ಹೋಗುತ್ತಿತ್ತು, ಬಾಯ್ಲರ್ ಕೂಡ ಬದಲಾಗುತ್ತಿತ್ತು. ಎರಡೂ ಬದಿಯ ರಾಡ್‌ಗಳನ್ನು ನೋಡಿ, ಹೆಚ್ಚು ಕಡೆ ಸಿಕ್ಕ ನಂಬರನ್ನು ಹಿಡಿದುಕೊಂಡು, ಆಮೇಲೆ ರೈಲ್ವೆಯ ನಂಬರ್ ಪಟ್ಟಿಗೆ ತಾಳೆ ಹಾಕುತ್ತೇನೆ. ಯಾವ ಸರಣಿ ಯಾವ ಕಂಪನಿಯದು ಅಂತ ಅಲ್ಲಿ ಗೊತ್ತಾಗುತ್ತದೆ.

ಕಾಗದದ ಕಡೆಯಿಂದ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಟೆಲ್ಕೋಗಿಂತ ಹಿಂದಿನ ಕಥೆ. ಟೆಲ್ಕೋ ಶುರು ಮಾಡಲು ಟಾಟಾದವರು ತೆಗೆದುಕೊಂಡದ್ದು ಈಸ್ಟ್ ಇಂಡಿಯನ್ ರೈಲ್ವೆಯ ಸಿಂಗ್‌ಭೂಮ್ ವರ್ಕ್‌ಶಾಪನ್ನು. ಅದೇ ಜಾಗದಲ್ಲಿ 1920ರ ದಶಕದಲ್ಲಿ ಪೆನಿನ್ಸುಲರ್ ಲೋಕೋಮೋಟಿವ್ ಕಂಪನಿ ಇತ್ತು. ಎಂಜಿನ್ ಕಟ್ಟಲೆಂದೇ ಬಂದ ಕಂಪನಿ. ಅದಕ್ಕೆ ಆರ್ಡರ್ ಸಿಗಲಿಲ್ಲ. ಹೊರದೇಶದ ಪೈಪೋಟಿಯಿಂದ ಕಾಪಾಡಿ ಅಂತ ಕೇಳಿದರೆ, ಅಷ್ಟು ಎಂಜಿನ್‌ಗಳಿಗೆ ಇಲ್ಲಿ ಬೇಡಿಕೆಯೇ ಇಲ್ಲ ಅಂತ 1924ರಲ್ಲಿ ಟ್ಯಾರಿಫ್ ಬೋರ್ಡ್ (ಆಮದು ಸುಂಕದ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಮಂಡಳಿ) ಹೇಳಿತು. ಒಂದೂ ಎಂಜಿನ್ ಕಟ್ಟದೆ ಕಂಪನಿ ಮುಗಿಯಿತು. ಇದನ್ನು ಓದಿದಾಗ ನಿಜಕ್ಕೂ ಹೊಟ್ಟೆ ಉರಿಯಿತು. ಕಟ್ಟುವ ಜಾಗ ಇತ್ತು, ಮನಸ್ಸಿತ್ತು. ಆದರೂ ಎಂಜಿನ್‌ಗಳು ಹಡಗಿನಲ್ಲೇ ಬರುತ್ತಿದ್ದವು.

ಟೆಲ್ಕೋ ಗೆದ್ದದ್ದಕ್ಕೆ ಕಾರಣವೂ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಸ್ವತಂತ್ರ ಭಾರತದ ರೈಲ್ವೆ ಆರ್ಡರ್ ಕೊಟ್ಟಿತು, ಕ್ರಾಸ್-ಮಾಫೈ ಕೆಲಸ ಕಲಿಸಿತು. ಮೊದಲು ಬಾಯ್ಲರ್ ಮಾಡಿ, ಆಮೇಲೆ ಪೂರ್ತಿ ಎಂಜಿನ್‌ಗೆ ಕೈ ಹಾಕಿದರು.

ಲೋಕೋ ಶೆಡ್ಡಿನಲ್ಲಿ ದುಡಿದ ಹಿರಿಯರು ನಿಮ್ಮ ಊರಿನಲ್ಲಿ ಇದ್ದರೆ ಬೇಗ ಮಾತಾಡಿಸಿ. "ಯಜಮಾನ್ರೇ, ಟೆಲ್ಕೋ ಎಂಜಿನ್ ಹೇಗಿತ್ತು?" ಅಂತ ಸುಮ್ನೆ ಕೇಳಿದರೆ ಮಾತು ಬೆಳೆಯುವುದಿಲ್ಲ. ರಾಡಿನ ಫೋಟೋ ಕೈಗೆ ಕೊಡಿ. ಯಾವ ಬೇರಿಂಗ್ ಬಿಸಿಯಾಗುತ್ತಿತ್ತು, ಎಣ್ಣೆ ಎಲ್ಲಿ ಬಿಡುತ್ತಿದ್ದರು ಅಂತ ಬೆರಳಿಟ್ಟು ತೋರಿಸುತ್ತಾರೆ.

ಟೆಲ್ಕೋದ ಕೊನೆಯ ವೈಪಿ ಬಂದದ್ದು 1970ರಲ್ಲಿ. ಅಲ್ಲಿಗೆ ಆ ಕಂಪನಿಯ ಸ್ಟೀಮ್ ಎಂಜಿನ್ ಕೆಲಸ ನಿಂತಿತು. ನನ್ನ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ. ನಿಮ್ಮೂರಿನಲ್ಲಿ ವೈಪಿ ನಿಂತಿದ್ದರೆ, ಅನುಮತಿ ಕೇಳಿ, ಎರಡೂ ಬದಿಯ ರಾಡ್ ನಂಬರ್ ಬರೆದಿಟ್ಟುಕೊಳ್ಳಿ. ಮತ್ತೆ ಪೇಂಟ್ ಹೊಡೆಯುವ ಮೊದಲೇ ಈ ಕೆಲಸ ಆಗಬೇಕು.